ಸ್ಟುಟ್‌ಗಾರ್ಟ್, ನಗೋಯಾ, ಸಿಂಗಾಪುರ: ಎರಡು ವರ್ಷಕ್ಕೆ ಯಾವುದನ್ನು ಆರಿಸಲಿ?

ಕಬ್ಬಿನಗದ್ದೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ 11 ವರ್ಷದಿಂದ ಇದ್ದೇನೆ. ಕಾರಿನ ಬ್ರೇಕ್ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ತಂಡ ನಮ್ಮದು. ಹೋದ ವಾರ ಮ್ಯಾನೇಜರ್ ಕರೆದು, ಎರಡು ವರ್ಷಕ್ಕೆ ಹೊರದೇಶಕ್ಕೆ ಹೋಗಬೇಕಾಗುತ್ತದೆ, ಮೂರು ಕಡೆ ಜಾಗ ಇದೆ, ನೀವೇ ಆರಿಸಿ ಅಂದರು. ಜರ್ಮನಿಯ ಸ್ಟುಟ್‌ಗಾರ್ಟ್, ಜಪಾನಿನ ನಗೋಯಾ, ಇಲ್ಲಾಂದ್ರೆ ಸಿಂಗಾಪುರ. 15 ದಿನದಲ್ಲಿ ಉತ್ತರ ಹೇಳಬೇಕು. ಹೊರಡುವುದು ಅಕ್ಟೋಬರ್ ಕೊನೆಗೆ.

ಮನೆಯ ವಿಷಯ ಹೇಳುತ್ತೇನೆ. ಹೆಂಡತಿ ಇಲ್ಲೇ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಮಗಳಿಗೆ 7 ವರ್ಷ, ಎರಡನೇ ಕ್ಲಾಸು. ಅಪ್ಪ ಅಮ್ಮ ಪಾಂಡವಪುರದ ಹತ್ತಿರ ಊರಲ್ಲೇ ಇದ್ದಾರೆ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿಸಿದೆವು. ಈಗ ಪರವಾಗಿಲ್ಲ, ಆದರೂ ಗದ್ದೆಗೆ ಹೋಗುವುದು ಬಿಟ್ಟಿಲ್ಲ. ತಂಗಿ ಮದ್ದೂರಿನಲ್ಲಿದ್ದಾಳೆ.

ಜರ್ಮನಿ, ಜಪಾನ್ ಎರಡೂ ಡೆಪ್ಯುಟೇಷನ್. ಇಲ್ಲಿಯ ಸಂಬಳ ಮುಂದುವರಿಯುತ್ತದೆ, ಅಲ್ಲಿ ಭತ್ಯೆ, ಮನೆ ಬಾಡಿಗೆ ಕೊಡುತ್ತಾರೆ. ಸಿಂಗಾಪುರವಾದರೆ ಅಲ್ಲಿಯ ಕಂಪನಿಯ ಜೊತೆ ಹೊಸ ಕಾಂಟ್ರ್ಯಾಕ್ಟು, ಇಲ್ಲಿಯ ಪೇರೋಲ್‌ನಿಂದ ಹೆಸರು ತೆಗೆಯುತ್ತಾರೆ. ಕೈಗೆ ಸಿಗುವ ದುಡ್ಡು ಸಿಂಗಾಪುರದಲ್ಲೇ ಜಾಸ್ತಿ. ಅಲ್ಲೇ ನೆಲೆಸುವ ಆಸೆ ನಮಗಿಲ್ಲ. ಹೋಗಿ ವಾಪಸ್ ಬರಬೇಕು. ಹೋಗಿ ಬಂದವರು ದಯವಿಟ್ಟು ಹೇಳಿ.

ಬೋಗಾದಿ ಎರಡನೇ ಹಂತ:

ಸಿಂಗಾಪುರ. ಎರಡು ಮಾತೇ ಇಲ್ಲ. ಎರಡು ವರ್ಷ ದುಡಿದು ಬಂದರೆ ಮನೆ ಸಾಲ ತೀರುತ್ತದೆ.

ಮದ್ದೂರು ಪ್ಯಾಸೆಂಜರ್:

ನನ್ನದೂ ಸಿಂಗಾಪುರ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ. ಮಂಡ್ಯದಿಂದ ಹುಬ್ಬಳ್ಳಿಗೆ ಹೋಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಅದೇ ದಿನ ಊರಲ್ಲಿರಬಹುದು. ಅದಕ್ಕಿಂತ ದೊಡ್ಡದು ಏನಿದೆ ಹೇಳಿ.

ವರುಣಾ ನಾಲೆ:

ನಾನು ಸ್ಟುಟ್‌ಗಾರ್ಟ್‌ನಲ್ಲಿ ಎರಡೂವರೆ ವರ್ಷ ಇದ್ದು ಬಂದಿದ್ದೇನೆ. ನಿಮ್ಮ ಹಾಗೇ ಡೆಪ್ಯುಟೇಷನ್, ಗಂಡ ಮತ್ತು ಮಗ ನನ್ನ ಜೊತೆ ಬಂದಿದ್ದರು. ಗೊತ್ತಿರುವುದನ್ನು ಹೇಳುತ್ತೇನೆ.

ವೀಸಾ: ಡೆಪ್ಯುಟೇಷನ್ ಅಂದರೆ ಸಾಮಾನ್ಯವಾಗಿ ಐಸಿಟಿ ಕಾರ್ಡ್, ಅಂದರೆ ಒಂದೇ ಕಂಪನಿಯೊಳಗೆ ವರ್ಗವಾಗಿ ಬರುವವರ ಪರವಾನಗಿ ಕೊಡುತ್ತಾರೆ. ಸ್ಪೆಷಲಿಸ್ಟ್‌ಗಳಿಗೆ ಮತ್ತು ಮ್ಯಾನೇಜರ್‌ಗಳಿಗೆ ಜಾಸ್ತಿ ಅಂದರೆ 3 ವರ್ಷ. ವಾಪಸ್ ಬರುವವರಿಗೆ ಇದು ಸಾಕು. ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸ ಮಾಡಲು ತಡೆ ಇಲ್ಲ, ಬರುವ ಮೊದಲು ಜರ್ಮನ್ ಪರೀಕ್ಷೆ ಪಾಸಾಗಬೇಕು ಅಂತಲೂ ಇಲ್ಲ. ಇದು ದೊಡ್ಡ ಅನುಕೂಲ. ಆದರೆ ಭಾಷೆ ಬರದೆ ಕೆಲಸ ಸಿಗುವುದು ಬೇರೆ ಮಾತು.

ಮನೆ: ಇದೇ ಕಷ್ಟ. ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಗುವುದು ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಖಾಲಿ ಇರುತ್ತದೆ. ಸಿಂಕ್ ಇಲ್ಲ, ಕಟ್ಟೆ ಇಲ್ಲ, ಗೋಡೆಯಿಂದ ನೀರಿನ ಪೈಪು ಹೊರಗೆ ಬಂದಿರುತ್ತದೆ ಅಷ್ಟೇ. ಎರಡು ವರ್ಷಕ್ಕೆ ಹೋಗುವವರು ಅಡುಗೆಮನೆ ಇರುವ ಮನೆಯನ್ನೇ ಕೇಳಿ. ಬಾಡಿಗೆ ಹೇಳುವಾಗ ಕಾಲ್ಟ್ ಅಂದರೆ ಬರೀ ಮನೆ ಬಾಡಿಗೆ, ವಾರ್ಮ್ ಅಂದರೆ ಹೀಟಿಂಗು, ನೀರು ಎಲ್ಲ ಸೇರಿ. ಕಂಪನಿ ಕೊಡುವ ಭತ್ಯೆ ಯಾವುದಕ್ಕೆ ಅಂತ ಬರೆಸಿಕೊಳ್ಳಿ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದು ಕಾನೂನು. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಅದೊಂದು ನೆಮ್ಮದಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಆ ಕಾಗದ ಇಲ್ಲದೆ ಮುಂದಿನ ಯಾವ ಕೆಲಸವೂ ಸರಾಗವಾಗಿ ಆಗುವುದಿಲ್ಲ.

ಸ್ಕೂಲು: ಸರ್ಕಾರಿ ಸ್ಕೂಲು ಉಚಿತ. ಜರ್ಮನ್ ಬಾರದ ಮಕ್ಕಳಿಗೆ ಆ ರಾಜ್ಯದಲ್ಲಿ ಭಾಷೆ ಕಲಿಸುವ ಬೇರೆ ಕ್ಲಾಸು ಇರುತ್ತದೆ. ನಮ್ಮ ಹುಡುಗ ಮೊದಲ ಮೂರು ತಿಂಗಳು ದಿನಾ ಅತ್ತ. ಆರನೇ ತಿಂಗಳಿಗೆ ನಮ್ಮ ಪರವಾಗಿ ಅಂಗಡಿಯಲ್ಲಿ ಅವನೇ ಮಾತಾಡುತ್ತಿದ್ದ. 7 ವರ್ಷ ಒಳ್ಳೆಯ ವಯಸ್ಸು. ನಾಲ್ಕನೇ ಕ್ಲಾಸಿನ ನಂತರ ಅಲ್ಲಿ ಮಕ್ಕಳನ್ನು ಬೇರೆ ಬೇರೆ ಬಗೆಯ ಸ್ಕೂಲಿಗೆ ಹಂಚುತ್ತಾರೆ. ನಿಮ್ಮ ಮಗಳು ಅಷ್ಟರೊಳಗೆ ವಾಪಸ್ ಬಂದಿರುತ್ತಾಳೆ.

ಭಾನುವಾರ ಅಂಗಡಿ ಪೂರ್ತಿ ಮುಚ್ಚಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್ ಕೊನೆಗೆ ಹೋದರೆ ನೇರವಾಗಿ ಕತ್ತಲಿಗೇ ಇಳಿದ ಹಾಗೆ. ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ.

ಬೋಗಾದಿ ಎರಡನೇ ಹಂತ:

ಕತ್ತಲು, ಚಳಿ, ಖಾಲಿ ಅಡುಗೆಮನೆ. ಇಷ್ಟೆಲ್ಲ ಪಟ್ಟು ಜರ್ಮನಿಗೆ ಯಾಕೆ ಹೋಗಬೇಕು? ಸಿಂಗಾಪುರದಲ್ಲಿ ತೆರಿಗೆ ಕಡಿಮೆ, ಪಿಎಫ್ ಕೂಡ ಸಿಗುತ್ತದೆ.

ಸೆರಂಗೂನ್ ಸಂಜೆ:

ಪಿಎಫ್ ಸಿಗುವುದಿಲ್ಲ. ಸಿಂಗಾಪುರದ ಸಿಪಿಎಫ್ ಅಲ್ಲಿಯ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿ, ಅಂದರೆ ಕೆಲಸದ ಪರವಾನಗಿಯಲ್ಲಿ ಬಂದವರಿಗೆ ಇಲ್ಲ. ನಾನು ಇಲ್ಲಿ ಆರು ವರ್ಷದಿಂದ ಇದ್ದೇನೆ.

ಸಿಂಗಾಪುರ ಒಳ್ಳೆಯ ಊರು. ಲಿಟಲ್ ಇಂಡಿಯಾದಲ್ಲಿ ಕರಿಬೇವು, ನುಗ್ಗೇಕಾಯಿ, ಇಡ್ಲಿ ರವೆ ಎಲ್ಲವೂ ಇದೆ. ಕನ್ನಡ ಸಂಘ ಇದೆ. ಹೆಣ್ಣುಮಕ್ಕಳು ರಾತ್ರಿ ಹನ್ನೊಂದಕ್ಕೂ ಭಯವಿಲ್ಲದೆ ಬಸ್ಸಲ್ಲಿ ಬರಬಹುದು. ಆದರೆ ಲೆಕ್ಕ ಸರಿಯಾಗಿ ಹಾಕಿ.

ಸಂಸಾರ ಕರೆದುಕೊಂಡು ಬರಲು ಡಿಪೆಂಡೆಂಟ್ ಪಾಸ್ ಬೇಕು. ಅದಕ್ಕೆ ನಿಮ್ಮ ನಿಗದಿತ ಮಾಸಿಕ ಸಂಬಳ ಕನಿಷ್ಠ 6,000 ಸಿಂಗಾಪುರ ಡಾಲರ್ ಇರಬೇಕು. ಆ ಪಾಸ್‌ನಲ್ಲಿ ಬಂದ ಹೆಂಡತಿ ಸುಮ್ನೆ ಹೋಗಿ ಕೆಲಸಕ್ಕೆ ಸೇರುವ ಹಾಗಿಲ್ಲ. 2021ರ ಮೇ ತಿಂಗಳಿಂದ ಅವರಿಗೂ ಬೇರೆಯದೇ ವರ್ಕ್ ಪಾಸ್ ಬೇಕು. ತಂದೆ ತಾಯಿಯನ್ನು ಲಾಂಗ್ ಟರ್ಮ್ ಪಾಸ್ ಮೇಲೆ ಕರೆಸಿಕೊಳ್ಳಬೇಕು ಅಂದರೆ ಸಂಬಳ ಕನಿಷ್ಠ 12,000 ಡಾಲರ್ ಇರಬೇಕು. ಇನ್ನು ಮಗಳ ಸ್ಕೂಲು. ಸರ್ಕಾರಿ ಸ್ಕೂಲಿನಲ್ಲಿ ವಿದೇಶಿ ಮಕ್ಕಳಿಗೆ ಜಾಗ ಸಿಗುವುದು ಕಷ್ಟ, ಫೀಸೂ ಬೇರೆ. ಭಾರತೀಯ ಪಠ್ಯದ ಖಾಸಗಿ ಸ್ಕೂಲುಗಳಿವೆ, ಅಲ್ಲಿಯ ಫೀಸು ಮತ್ತು ಮನೆ ಬಾಡಿಗೆ ಸೇರಿದರೆ ನೀವು ಹೇಳಿದ ಆ ಜಾಸ್ತಿ ದುಡ್ಡು ಬಹಳಷ್ಟು ಕರಗುತ್ತದೆ. ಆಫರ್ ಲೆಟರ್‌ನಲ್ಲಿ ಸ್ಕೂಲ್ ಫೀಸ್ ಇದೆಯಾ?

ಕಬ್ಬಿನಗದ್ದೆ:

ಇಲ್ಲ ಸರ್. ಸಿಂಗಾಪುರದ ಆಫರ್‌ನಲ್ಲಿ ಒಟ್ಟು ಸಂಬಳ ಮಾತ್ರ ಇದೆ. ಬಾಡಿಗೆ, ಸ್ಕೂಲು ಎಲ್ಲ ನಮ್ಮದೇ.

ಸೆರಂಗೂನ್ ಸಂಜೆ:

ಹಾಗಾದರೆ ಹಾಳೆ ಮೇಲೆ ಒಂದೊಂದೇ ಖರ್ಚು ಬರೆದು ಕಳೆಯಿರಿ. ಒಬ್ಬರೇ ಬಂದರೆ ಉಳಿಯುತ್ತದೆ. ಮೂವರು ಬಂದರೆ ಅಷ್ಟು ಉಳಿಯುವುದಿಲ್ಲ.

ಜೋಳಿಗೆ:

ಇಷ್ಟು ಜನ ಬರೆದಿರಿ. ಹೆಂಡತಿಯ ಕೆಲಸದ ಬಗ್ಗೆ ವೀಸಾ ನಿಯಮ ಬಿಟ್ಟು ಯಾರೂ ಏನೂ ಕೇಳಲಿಲ್ಲ. ಕಬ್ಬಿನಗದ್ದೆಯವರೇ, ನಿಮ್ಮ ಮನೆಯವರು ಏನು ಅನ್ನುತ್ತಾರೆ?

ನಾನೂ ಮೈಸೂರಿನಲ್ಲಿ ಪಾಠ ಮಾಡುತ್ತಿದ್ದವಳೇ. ಗಂಡನಿಗೆ ಮೂರು ವರ್ಷದ ಪೋಸ್ಟಿಂಗ್ ಬಂತು. ಕಾಲೇಜಿನವರು ಬಾಯಿಮಾತಿನಲ್ಲಿ ಬನ್ನಿ ಮೇಡಂ, ವಾಪಸ್ ಬಂದಾಗ ನೋಡೋಣ ಅಂದರು. ನಾನು ನಂಬಿ ಹೋದೆ. ವಾಪಸ್ ಬಂದಾಗ ಆ ಜಾಗದಲ್ಲಿ ಬೇರೆಯವರಿದ್ದರು, ಪ್ರಿನ್ಸಿಪಾಲರೂ ಬದಲಾಗಿದ್ದರು. ಒಂಬತ್ತು ವರ್ಷದ ಅನುಭವ ಇದ್ದವಳು ಮತ್ತೆ ಗೆಸ್ಟ್ ಲೆಕ್ಚರರ್ ಆಗಿ ಶುರು ಮಾಡಿದೆ. ಅಲ್ಲಿದ್ದ ಮೂರು ವರ್ಷ ಚೆನ್ನಾಗೇ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗ್ಗೆ ಗಂಡ ಆಫೀಸಿಗೆ, ಮಗು ಸ್ಕೂಲಿಗೆ ಹೋದ ಮೇಲೆ ಆ ಮನೆಯ ಸದ್ದಿಲ್ಲದ ಹಗಲು ಇನ್ನೂ ನೆನಪಿದೆ.

ಸಂಬಳವಿಲ್ಲದ ರಜೆ ಕೊಡುತ್ತಾರಾ ಅಂತ ಕೇಳಿ. ಕೊಟ್ಟರೆ ಪತ್ರದಲ್ಲಿ ಕೊಡಲಿ. ಅದು ಸಿಗದಿದ್ದರೆ ಅವರು ಏನು ಕಳೆದುಕೊಳ್ಳುತ್ತಾರೆ ಅನ್ನುವುದನ್ನೂ ಆ ಹಾಳೆಯ ಮೇಲೆ ಬರೆಯಿರಿ.

ಕಬ್ಬಿನಗದ್ದೆ:

ಮೇಡಂ, ನಿಮ್ಮ ಮಾತನ್ನು ಅವಳಿಗೆ ಓದಿ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ಮಾರ್ಚ್‌ನಲ್ಲಿ ಎರಡನೇ ಪಿಯು ಪರೀಕ್ಷೆ ಇದೆ, ನಡುವೆ ಮಕ್ಕಳನ್ನು ಬಿಟ್ಟು ಬರುವುದಿಲ್ಲ ಅಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಅವರೆಕಾಳು ಸೊಗಡು:

ನಗೋಯಾ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಬಿಡದಿ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಂಪನಿಗಳಿಂದ ತುಂಬ ಜನ ಆ ಕಡೆ ಹೋಗುತ್ತಾರೆ. ಟೊಯೋಟಾದ ತವರು ನಗೋಯಾ ಪಕ್ಕದಲ್ಲೇ ಇದೆ. ನಾನು 14 ತಿಂಗಳು ಇದ್ದೆ.

ಕೆಲಸ ಕಲಿಯಬೇಕು ಅಂದರೆ ಅದರಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದು ಸಣ್ಣ ತಪ್ಪು ಕಂಡರೂ ಲೈನ್ ನಿಲ್ಲಿಸಿ, ಯಾಕೆ ಆಯಿತು ಅಂತ ಬೇರಿನ ತನಕ ಹೋಗುತ್ತಾರೆ. ಬ್ರೇಕ್ ಪರೀಕ್ಷೆ ಮಾಡುವವರಿಗೆ ಆ ಅಭ್ಯಾಸ ಜೀವನಪೂರ್ತಿ ಉಪಯೋಗ. ಜನ ಸೌಮ್ಯ. ಪರ್ಸ್ ಕಳೆದರೆ ಪೊಲೀಸ್ ಪೆಟ್ಟಿಗೆಯಲ್ಲಿ ಸಿಗುತ್ತದೆ. ನನಗೆ ಸಿಕ್ಕಿದೆ.

ಆದರೆ ಊಟ. ನೀವು ಸಸ್ಯಾಹಾರಿಗಳಾಗಿದ್ದರೆ ಹೊರಗೆ ತಿನ್ನುವುದು ನಿಜವಾಗಿ ಕಷ್ಟ. ತರಕಾರಿ ಸಾರು ಅಂತ ಕೊಟ್ಟರೂ ಅದರ ತಳಕ್ಕೆ ಮೀನಿನ ರಸ ಇರುತ್ತದೆ. ಸ್ಕೂಲಿನಲ್ಲಿ ಎಲ್ಲ ಮಕ್ಕಳಿಗೂ ಒಂದೇ ಊಟ, ಮೀನು ಮಾಂಸ ಇರುತ್ತದೆ. ಟಿಫನ್ ಬಾಕ್ಸ್ ಕಳಿಸಲು ಮೊದಲೇ ಮಾತಾಡಿಕೊಳ್ಳಬೇಕು. ಭಾರತೀಯ ಸ್ಕೂಲುಗಳು ಟೋಕಿಯೊ, ಯೋಕೊಹಾಮಾ ಕಡೆ. ನಗೋಯಾದಲ್ಲಿ ಜಪಾನಿ ಸರ್ಕಾರಿ ಸ್ಕೂಲು ಅಥವಾ ದುಬಾರಿ ಇಂಟರ್‌ನ್ಯಾಷನಲ್ ಸ್ಕೂಲು. ಸರ್ಕಾರಿ ಸ್ಕೂಲಿಗೆ ಫೀಸಿಲ್ಲ, ವಿದೇಶಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಪುಟ್ಟ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಗುಂಪಾಗಿ ನಡೆದು ಹೋಗುವುದನ್ನು ನೋಡುವುದೇ ಚೆಂದ.

ಹೆಂಡತಿಗೆ ಡಿಪೆಂಡೆಂಟ್ ವೀಸಾ. ಅನುಮತಿ ತೆಗೆದುಕೊಂಡರೆ ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಇನ್ನೊಂದು ವಿಷಯ, ನಗೋಯಾಗೆ ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಟೋಕಿಯೊಗೆ ಹೋಗಿ ಅಲ್ಲಿಂದ ಬುಲೆಟ್ ರೈಲು, ಇಲ್ಲ ಬೇರೆ ಊರಲ್ಲಿ ವಿಮಾನ ಬದಲಾವಣೆ. ಸಮಯವೂ ನಮಗಿಂತ ಮೂರೂವರೆ ಗಂಟೆ ಮುಂದೆ. ಊರಲ್ಲಿ ಅಪ್ಪ ಗದ್ದೆಯಿಂದ ಬಂದು, ಸ್ನಾನ ಮಾಡಿ, ಎಂಟು ಗಂಟೆಗೆ ಫೋನ್ ಮಾಡಿದರೆ ನಮಗೆ ರಾತ್ರಿ ಹನ್ನೊಂದೂವರೆ. ನಾನು ಎಷ್ಟೋ ದಿನ ನಿದ್ದೆಗಣ್ಣಲ್ಲಿ ಹೂಂ ಹೂಂ ಅಂದು ಇಟ್ಟಿದ್ದೇನೆ. ಈಗ ಅಪ್ಪ ಇಲ್ಲ. ಅದು ನೆನಪಾದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವರುಣಾ ನಾಲೆ:

ಅವರೆಕಾಳು ಅವರೇ, ಓದಿ ಗಂಟಲು ಕಟ್ಟಿತು. ಈ ಗಂಟೆಯ ಲೆಕ್ಕ ಯಾವ ಎಚ್‌ಆರ್ ಕೂಡ ಹೇಳುವುದಿಲ್ಲ. ಜರ್ಮನಿಯಲ್ಲಿ ಅದು ಉಲ್ಟಾ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಊರಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಇನ್ನೂ ಸಂಜೆ. ನಾನು ಆಫೀಸಿನಿಂದ ಟ್ರಾಮಿಗೆ ನಡೆಯುವಾಗ ದಿನಾ ಅಮ್ಮನ ಜೊತೆ ಮಾತಾಡುತ್ತಿದ್ದೆ.

ರಾಗಿ ಕಣಜ:

ರಾಗಿ ಹಿಟ್ಟು ಒಯ್ಯಬಹುದಾ? ನನ್ನ ಮಗ ಮುಂದಿನ ತಿಂಗಳು ದುಬೈಗೆ ಹೋಗುತ್ತಿದ್ದಾನೆ, ಅದಕ್ಕೇ ಕೇಳಿದೆ. ಹಬ್ಬಕ್ಕೆ ಪಾಯಸ ಮಾಡಿಕೊಳ್ಳಲಿ ಅಂತ ಗಸಗಸೆಯನ್ನೂ ಕಟ್ಟಿಟ್ಟಿದ್ದೇನೆ.

ಸೆರಂಗೂನ್ ಸಂಜೆ:

ಅಮ್ಮಾ, ಗಸಗಸೆಯನ್ನು ಈಗಲೇ ಪೆಟ್ಟಿಗೆಯಿಂದ ತೆಗೆಯಿರಿ! ಯುಎಇಯಲ್ಲಿ ಅದು ನಿಷೇಧಿತ. ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ಸಿಕ್ಕಿಬಿದ್ದರೆ ಜೈಲು. ಒಂದು ಚಮಚವೂ ಬೇಡ, ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಬೇಡ. ರಾಗಿ ಹಿಟ್ಟಿಗೆ ತೊಂದರೆ ಇಲ್ಲ.

ರಾಗಿ ಕಣಜ:

ಅಯ್ಯೋ ದೇವರೇ. ತೆಗೆದೆ. ಪುಣ್ಯ ಬರಲಿ ನಿಮಗೆ.

ವಿವಿ ಮೊಹಲ್ಲಾ:

ಜರ್ಮನಿಗೆ ಹೋಗುವವರು ತುಪ್ಪ, ಖೋವಾ ಒಯ್ಯಬೇಡಿ. ಯುರೋಪಿಯನ್ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ, ಮಾಂಸ ಬಿಡುವುದಿಲ್ಲ. ಸಾರಿನ ಪುಡಿ, ಹುರಿಹಿಟ್ಟು, ಬೆಲ್ಲ ಸಾಕು. ಜಪಾನಿಗಾದರೆ ಮಾತ್ರೆಗಳ ಬಗ್ಗೆ ಎಚ್ಚರ, ವೈದ್ಯರು ಬರೆದ ಔಷಧಿ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯಲು ಮೊದಲೇ ಅನುಮತಿ ಪತ್ರ ಬೇಕು.

ಲೆಕ್ಕದ ಪುಸ್ತಕ:

ನಾನು ಸರಸ್ವತಿಪುರಂನಲ್ಲಿ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಇಂಥವರು ನಾಲ್ಕೈದು ಜನ ಹೋಗಿ ಬಂದ ಮೇಲೆ ನನ್ನ ಹತ್ತಿರ ಬರುತ್ತಾರೆ. ಹೋಗುವ ಮೊದಲು ಬಂದರೆ ಎಷ್ಟೋ ತೊಂದರೆ ತಪ್ಪುತ್ತದೆ.

ಮೊದಲು ತಾರೀಖು. ಕೆಲಸಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿ. ಸೆಪ್ಟೆಂಬರ್ 28ಕ್ಕೆ ಹೊರಟರೆ 181 ದಿನ. ಒಂದು ದಿನ ತಡವಾದರೂ 182 ಆಗಿ ಆ ವರ್ಷಕ್ಕೆ ನಿವಾಸಿಯಾಗಿಯೇ ಉಳಿಯುತ್ತೀರಿ. ನಿವಾಸಿ ಅಂದರೆ ಹೊರಗೆ ದುಡಿದದ್ದನ್ನೂ ಇಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಒಪ್ಪಂದದ ಪ್ರಕಾರ ಇಲ್ಲಿ ವಿನಾಯಿತಿ ಸಿಗುತ್ತದೆ. ಹಾಗಾಗಿ ಜರ್ಮನಿಗೆ ಹೋಗುವವರಿಗೆ ಇದರಿಂದ ಬೀಳುವ ವ್ಯತ್ಯಾಸ ಸಣ್ಣದು, ಅಲ್ಲೇ ತೆರಿಗೆ ಜಾಸ್ತಿ. ಸಿಂಗಾಪುರಕ್ಕೆ ಹೋಗುವವರಿಗೆ ದೊಡ್ಡದು. ಅಕ್ಟೋಬರ್ ಕೊನೆಗೆ ಸಿಂಗಾಪುರಕ್ಕೆ ಹೋದರೆ, ಅಲ್ಲಿ ಕಡಿಮೆ ತೆರಿಗೆ ಅಂತ ಖುಷಿಪಟ್ಟದ್ದರಲ್ಲಿ ಮೊದಲ ಐದು ತಿಂಗಳದ್ದು ಇಲ್ಲಿ ಕಟ್ಟಬೇಕಾಗಬಹುದು.

ಎರಡನೆಯದು ಪಿಂಚಣಿ. ಜರ್ಮನಿ ಜೊತೆ ನಮ್ಮ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ, ಜಪಾನ್ ಜೊತೆ 2016ರ ಅಕ್ಟೋಬರ್ 1ರಿಂದ. ಕಂಪನಿಯವರು ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ತೆಗೆಸಿಕೊಟ್ಟರೆ ಇಲ್ಲಿ ಪಿಎಫ್ ಮುಂದುವರಿಯುತ್ತದೆ, ಅಲ್ಲಿ ಪಿಂಚಣಿ ಕಂತು ಕಟ್ಟಬೇಕಿಲ್ಲ. ಜರ್ಮನಿಗೆ 48 ತಿಂಗಳವರೆಗೆ, ಜಪಾನಿಗೆ 5 ವರ್ಷದವರೆಗೆ. ಆರೋಗ್ಯ ವಿಮೆ ಇದರಲ್ಲಿ ಬರುವುದಿಲ್ಲ, ಅದನ್ನು ಕಂಪನಿ ಬೇರೆ ಮಾಡಬೇಕು.

ಮೂರನೆಯದನ್ನು ಮಂಡ್ಯ ಕಡೆಯವರಿಗೆ ನಾನು ಒತ್ತಿ ಹೇಳುತ್ತೇನೆ. ಕೆಲಸಕ್ಕೆ ಅಂತ ಹೊರಗೆ ಹೋದ ಮೇಲೆ ಫೆಮಾ ಅನ್ನುವ ವಿದೇಶಿ ವಿನಿಮಯ ಕಾನೂನಿನಲ್ಲಿ ನೀವು ಅನಿವಾಸಿ. ಆಗ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದರೆ ಸರಿ. ಮನೆ, ಸೈಟು ಕೊಳ್ಳಲು ತೊಂದರೆ ಇಲ್ಲ. ಬ್ಯಾಂಕಿನ ಉಳಿತಾಯ ಖಾತೆಯನ್ನೂ ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು.

ಕಬ್ಬಿನಗದ್ದೆ:

ಸರ್, ಕೂತಲ್ಲೇ ಬೆವರು ಬಂತು. ನಮ್ಮ ಗದ್ದೆಯ ಪಕ್ಕದ 18 ಗುಂಟೆ ಮಾರಾಟಕ್ಕೆ ಬಂದಿದೆ. ಅಪ್ಪ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ. ಸಂಕ್ರಾಂತಿ ಮುಗಿದ ಮೇಲೆ ನಿನ್ನ ಹೆಸರಿಗೆ ನೋಂದಣಿ ಮಾಡಿಸೋಣ, ನೀನು ರಜೆ ಹಾಕಿ ಬಾ ಅಂದಿದ್ದರು.

ಲೆಕ್ಕದ ಪುಸ್ತಕ:

ಹೊರಡುವ ಮೊದಲೇ ಮಾಡಿಸಿ. ಅಥವಾ ಅಪ್ಪನ ಹೆಸರಿಗೇ ಆಗಲಿ. ವಕೀಲರ ಹತ್ತಿರ ಒಂದು ಸಲ ಕೂತು ಮಾತಾಡಿ. ಹಾಗೇ ಬ್ಯಾಂಕು, ಮನೆ ತೆರಿಗೆ ಇಂಥ ಕೆಲಸಗಳಿಗೆ ತಂಗಿಯ ಹೆಸರಲ್ಲಿ ಅಧಿಕಾರ ಪತ್ರ ಇಲ್ಲಿದ್ದಾಗಲೇ ಮಾಡಿಟ್ಟರೆ, ಅಲ್ಲಿಂದ ಕಾನ್ಸುಲೇಟ್‌ಗೆ ಓಡಾಡುವುದು ತಪ್ಪುತ್ತದೆ.

ಬೋಗಾದಿ ಎರಡನೇ ಹಂತ:

ಸರಿ, ಸಿಂಗಾಪುರಕ್ಕೆ ಸೆಪ್ಟೆಂಬರ್ 28ರೊಳಗೆ ಹೋದರೆ ಆಯಿತಲ್ಲ. ಹೆಂಡತಿ ಮಗಳು ಇಲ್ಲೇ ಇರಲಿ, ಎರಡೇ ವರ್ಷ. ನಮ್ಮ ದೊಡ್ಡಪ್ಪ ಮಸ್ಕತ್‌ನಲ್ಲಿ 11 ವರ್ಷ ಒಬ್ಬರೇ ಇದ್ದು ಇಡೀ ಮನೆ ಕಟ್ಟಿದರು. ದುಡ್ಡಿಗೆ ಬೆಲೆ ಇಲ್ಲ ಅನ್ನುವ ಹಾಗೆ ಎಲ್ಲರೂ ಮಾತಾಡಬೇಡಿ. ಸಾಲ ಇದ್ದವರಿಗೆ ಅದರ ಭಾರ ಗೊತ್ತು.

ಜೋಳಿಗೆ:

ದುಡ್ಡಿಗೆ ಬೆಲೆ ಇಲ್ಲ ಅಂತ ಯಾರೂ ಅನ್ನಲಿಲ್ಲ. ನಿಮ್ಮ ದೊಡ್ಡಪ್ಪ ವಾಪಸ್ ಬಂದಾಗ ಮಕ್ಕಳಿಗೆ ಎಷ್ಟು ವಯಸ್ಸು?

ಬೋಗಾದಿ ಎರಡನೇ ಹಂತ:

ದೊಡ್ಡವನು ಡಿಗ್ರಿ ಓದುತ್ತಿದ್ದ. ಹೌದು, ಅಣ್ಣ ಇವತ್ತಿಗೂ ಅವರ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಆದರೆ ಆ ಮನೆಯಲ್ಲೇ ಇದ್ದಾನೆ. ಎರಡೂ ನಿಜ.

ಕೊಳಲು:

ಒಂದು ಪ್ರಶ್ನೆ. ಅಪ್ಪನ ಆರೋಗ್ಯ ವಿಮೆ ಯಾವುದು? ಕಂಪನಿಯ ಗ್ರೂಪ್ ಪಾಲಿಸಿಯಾ?

ಕಬ್ಬಿನಗದ್ದೆ:

ಹೌದು. ಸ್ಟೆಂಟ್ ಹಾಕಿಸಿದಾಗ ಅದರಲ್ಲೇ ಆಯಿತು. ಅಪ್ಪ ಅಮ್ಮ ಇಬ್ಬರೂ ಅದರಲ್ಲಿದ್ದಾರೆ.

ಕೊಳಲು:

ಹಾಗಾದರೆ ಇದನ್ನು ಓದಿ. ಸಿಂಗಾಪುರಕ್ಕೆ ಹೋದರೆ ಇಲ್ಲಿಯ ಪೇರೋಲ್‌ನಿಂದ ಹೆಸರು ತೆಗೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಪೇರೋಲ್‌ನಿಂದ ಹೆಸರು ಹೋದರೆ ಗ್ರೂಪ್ ಪಾಲಿಸಿಯಿಂದಲೂ ಸಾಮಾನ್ಯವಾಗಿ ಹೋಗುತ್ತದೆ. ಆಗ ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಹೊಸ ಪಾಲಿಸಿ ಮಾಡಿಸಬೇಕು. ಮೊದಲೇ ಇರುವ ಕಾಯಿಲೆಗೆ ವಿಮೆಯವರು 3 ವರ್ಷದವರೆಗೂ ಕಾಯಿಸಬಹುದು. ಅಂದರೆ ನೀವು ಅಲ್ಲಿ ಇರುವಷ್ಟೂ ದಿನ ಅಪ್ಪನ ಹೃದಯಕ್ಕೆ ವಿಮೆ ಇಲ್ಲದ ಹಾಗೆ ಆಗಬಹುದು.

ಇದು ನಮ್ಮ ಮನೆಯಲ್ಲಿ ಆಗಿದೆ, ಅದಕ್ಕೇ ಗೊತ್ತು. ನಾನು ಹೊರದೇಶದ ಪೇರೋಲ್‌ಗೆ ಹೋದ ಐದನೇ ತಿಂಗಳಿಗೆ ಅಮ್ಮ ಮೈಸೂರಿನ ಆಸ್ಪತ್ರೆ ಸೇರಿದರು. ಕಾರ್ಡ್ ನಡೆಯುವುದಿಲ್ಲ ಅಂತ ಕೌಂಟರ್‌ನಲ್ಲಿ ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ತಮ್ಮ ರಾತ್ರಿ ಹನ್ನೆರಡಕ್ಕೆ ದುಡ್ಡು ಹೊಂದಿಸಲು ಓಡಾಡಿದ. ನಾನು ಸಾವಿರಾರು ಕಿಲೋಮೀಟರ್ ದೂರದಲ್ಲಿ ಫೋನ್ ಹಿಡಿದು ಕೂತಿದ್ದೆ. ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅದೇ ವಿಮಾ ಕಂಪನಿಯಲ್ಲಿ ಗ್ರೂಪ್‌ನಿಂದ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ದಾರಿ ಇದೆ, ಆದರೆ ಹೆಸರು ತೆಗೆಯುವ ಮೊದಲೇ ಅರ್ಜಿ ಕೊಡಬೇಕು.

ಬೋಗಾದಿ ಎರಡನೇ ಹಂತ:

ಇದು ನನಗೂ ಗೊತ್ತಿರಲಿಲ್ಲ. ನನ್ನ ಸಿಂಗಾಪುರದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮೊದಲು ವಿಮೆ ನೋಡಿ.

ಮದ್ದೂರು ಪ್ಯಾಸೆಂಜರ್:

ನಾಲ್ಕೂವರೆ ಗಂಟೆಯಲ್ಲಿ ಬರಬಹುದು ಅಂದಿದ್ದೆ. ವಿಮೆ ಇಲ್ಲದಿದ್ದರೆ ಬಂದು ಏನು ಮಾಡುವುದು, ನಿಜ. ಆದರೂ ಹತ್ತಿರ ಅನ್ನುವುದನ್ನು ಪೂರ್ತಿ ಬಿಡಬೇಡಿ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ ಅಲ್ವಾ?

ವರುಣಾ ನಾಲೆ:

ಇದೆ. ಸ್ಟುಟ್‌ಗಾರ್ಟ್‌ನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಒಂದು ಗಂಟೆ ಚಿಲ್ಲರೆ. ವಿಮಾನ ಹತ್ತು ಗಂಟೆ. ದೇವನಹಳ್ಳಿಯಿಂದ ಮೈಸೂರಿಗೆ ಫ್ಲೈಬಸ್ ನಾಲ್ಕು ಗಂಟೆ. ಒಟ್ಟು ಒಂದು ದಿನದ ಲೆಕ್ಕ.

ಕುವೆಂಪುನಗರ ಅಮ್ಮ:

ನನ್ನ ಇಬ್ಬರು ಮಕ್ಕಳೂ ಹೊರಗೆ ಇದ್ದಾರೆ. ತಂದೆ ತಾಯಿಯ ಕಡೆಯಿಂದ ಒಂದು ಮಾತು. ನಮ್ಮ ಬಗ್ಗೆ ಯೋಚಿಸಿ ದೇಶ ಆರಿಸುತ್ತೀರಿ, ಅದು ನಿಮ್ಮ ಒಳ್ಳೆಯತನ. ಆದರೆ ನಮ್ಮನ್ನು ಕೇಳದೆ ನಮ್ಮ ಬಗ್ಗೆ ತೀರ್ಮಾನ ಮಾಡಬೇಡಿ. ಅಪ್ಪನ ಹತ್ತಿರ ಕೂತು ಮೂರು ಊರಿನ ವಿಷಯವನ್ನೂ ಹೇಳಿ. ಅವರೇ ಏನಾದರೂ ಅಂದಾರು.

ವಿವಿ ಮೊಹಲ್ಲಾ:

ಎಲ್ಲರೂ ದೊಡ್ಡ ವಿಷಯ ಹೇಳಿದಿರಿ, ನಾನು ಚಿಕ್ಕದು ಹೇಳುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇದೆಯಾ ನೋಡಿ. ನಮ್ಮ ಕಡೆ ಎಷ್ಟೋ ಜನರಿಗೆ ಬರೀ ಹೆಸರು, ಮುಂದೆ ಇನಿಷಿಯಲ್ಲು. ಸರ್‌ನೇಮ್ ಜಾಗ ಖಾಲಿ. ಹೊರದೇಶದ ಪ್ರತಿ ಫಾರಂನಲ್ಲಿ ಅದು ತಕರಾರು. ಮಗಳ ಜನನ ಪತ್ರದಲ್ಲಿ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ, ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಹೆಸರು ಒಂದೇ ಥರ ಇರಬೇಕು. ಮೈಸೂರಿನಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ 2017ರಿಂದ ಇದೆ, ದೇಶದಲ್ಲೇ ಮೊದಲು ಶುರುವಾದ ಎರಡರಲ್ಲಿ ಒಂದು. ತಿದ್ದಿಸುವುದಿದ್ದರೆ ಈ ವಾರವೇ ಹೋಗಿ.

ಮತ್ತೆ ಮದುವೆ ನೋಂದಣಿ ಆಗಿದೆಯಾ? ಲಗ್ನಪತ್ರಿಕೆ, ಫೋಟೊ ಇದ್ದರೆ ಸಾಲದು.

ಕಬ್ಬಿನಗದ್ದೆ:

ಆಗಿಲ್ಲ. ಮೇಲುಕೋಟೆಯಲ್ಲಿ ಮದುವೆ ಆಗಿದ್ದು. ನೋಂದಣಿ ಆಮೇಲೆ ಮಾಡಿಸೋಣ ಅಂತ ಹಾಗೇ ಉಳಿಯಿತು.

ವಿವಿ ಮೊಹಲ್ಲಾ:

ಯಾವ ದೇಶವಾದರೂ ಸಂಸಾರದ ವೀಸಾಗೆ ಅದು ಬೇಕೇ ಬೇಕು.

ಕಬ್ಬಿನಗದ್ದೆ:

ಹತ್ತು ದಿನ ಆಯಿತು, ತಿಳಿಸಬೇಕು ಅನ್ನಿಸಿತು.

ಎಚ್‌ಆರ್‌ಗೆ ಬರೆದು ಕೇಳಿದೆ. ಸಿಂಗಾಪುರಕ್ಕೆ ಹೋದರೆ ಅಪ್ಪ ಅಮ್ಮನ ವಿಮೆ ನಿಲ್ಲುತ್ತದೆ ಅಂತ ಉತ್ತರ ಬಂತು. ಡೆಪ್ಯುಟೇಷನ್ ಆದರೆ ಮುಂದುವರಿಯುತ್ತದೆ, ಅದನ್ನು ಪತ್ರದಲ್ಲಿ ಹಾಕಿಕೊಟ್ಟಿದ್ದಾರೆ. ಸಿಂಗಾಪುರ ಅಲ್ಲಿಗೆ ಮುಗಿಯಿತು.

ಭಾನುವಾರ ಊರಿಗೆ ಹೋಗಿ ಅಪ್ಪನ ಹತ್ತಿರ ಕೂತೆ. ಮೂರು ಊರನ್ನೂ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಕೇಳಿದ್ದು ಒಂದೇ, ಯಾವ ಊರಲ್ಲಿದ್ದರೆ ದಿನಾ ಸಂಜೆ ಮಾತಾಡಬಹುದು ಅಂತ. ಅವರೆಕಾಳು ಅವರು ಬರೆದದ್ದು ನೆನಪಾಗಿ ನನಗೆ ಮಾತೇ ಬರಲಿಲ್ಲ. ಕೆಲಸ ಕಲಿಯಲು ನಗೋಯಾ ಒಳ್ಳೆಯದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೂ ಸ್ಟುಟ್‌ಗಾರ್ಟ್ ಅಂತ ಹೇಳಿದ್ದೇನೆ.

ಮೊದಲು ನಾನೊಬ್ಬನೇ ಹೋಗುತ್ತೇನೆ. ದಸರಾ ಮುಗಿಸಿ, ಮಗಳಿಗೆ ಜಂಬೂಸವಾರಿ ತೋರಿಸಿ, ಅಕ್ಟೋಬರ್ ಕೊನೆಗೇ ಹೊರಡುತ್ತೇನೆ. ಸೆಪ್ಟೆಂಬರ್ 28ರ ಲೆಕ್ಕ ಜರ್ಮನಿಗೆ ಅಷ್ಟು ದೊಡ್ಡದಲ್ಲ ಅಂತ ಗೊತ್ತಾದ ಮೇಲೆ ಧೈರ್ಯ ಬಂತು. ಹೆಂಡತಿ ಪಿಯು ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಮಗಳ ಜೊತೆ ಬರುತ್ತಾಳೆ. ಅಷ್ಟರಲ್ಲಿ ನಾನು ಅಡುಗೆಮನೆ ಇರುವ ಮನೆ ಹುಡುಕಿಟ್ಟಿರುತ್ತೇನೆ. ಕಾಲೇಜಿನವರು ಒಂದು ವರ್ಷದ ರಜೆಗೆ ಪತ್ರ ಕೊಡಲು ಒಪ್ಪಿದ್ದಾರೆ, ಎರಡನೇ ವರ್ಷದ್ದು ಇನ್ನೂ ಮಾತು ನಡೆಯುತ್ತಿದೆ. ಅವಳು ಆನ್‌ಲೈನ್‌ನಲ್ಲಿ ಜರ್ಮನ್ ಶುರು ಮಾಡಿದ್ದಾಳೆ. ಮಗಳು ಪಕ್ಕದಲ್ಲಿ ಕೂತು ಒಂದರಿಂದ ಹನ್ನೆರಡರವರೆಗೆ ಎಣಿಸುತ್ತಾಳೆ.

18 ಗುಂಟೆ ಅಪ್ಪನ ಹೆಸರಿಗೇ ನೋಂದಣಿ. ಮುಂದಿನ ಗುರುವಾರ.

ಜೋಳಿಗೆ:

ಎರಡನೇ ವರ್ಷದ ಪತ್ರವನ್ನೂ ಅವರು ಹೊರಡುವ ಮೊದಲೇ ತೆಗೆದುಕೊಳ್ಳಲಿ. ಬಾಯಿಮಾತು ಬೇಡ.

ವರುಣಾ ನಾಲೆ:

ಚಳಿ ಕೋಟು ಮೈಸೂರಿನಲ್ಲಿ ಕೊಳ್ಳಬೇಡಿ, ಅಲ್ಲಿಯ ಚಳಿಗೆ ಅಲ್ಲಿಯದೇ ಸರಿ. ಮೊದಲ ದಿನಕ್ಕೆ ಒಂದು ಸ್ವೆಟರ್, ಒಂದು ಮಳೆ ಜಾಕೆಟ್ ಸಾಕು. ಮನೆ ಹುಡುಕುವಾಗ ನನಗೆ ಮೆಸೇಜ್ ಮಾಡಿ, ಯಾವ ಬಡಾವಣೆ ಅಂತ ಹೇಳುತ್ತೇನೆ. ಅಲ್ಲಿಯ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಮೆಟ್ಟಿಲು, ಅಂಗಳ ಗುಡಿಸುವುದಕ್ಕೆ ಮನೆಗಳಿಗೆ ವಾರದ ಸರದಿ ಇರುತ್ತದೆ. ತಪ್ಪಿಸಬೇಡಿ, ಅಕ್ಕಪಕ್ಕದವರ ಸ್ನೇಹ ಅಲ್ಲಿಂದಲೇ ಶುರುವಾಗುತ್ತದೆ.

ಅವರೆಕಾಳು ಸೊಗಡು:

ನಗೋಯಾ ತಪ್ಪಿತು ಅಂತ ಬೇಸರ ಬೇಡ. ಅಪ್ಪನ ಜೊತೆ ಮಾತಾಡಿ.

ಕೊಳಲು:

ಅಪ್ಪ ಅಮ್ಮ ನಿಮ್ಮ ಹತ್ತಿರ ಬರುವುದಾದರೆ ಷೆಂಗೆನ್ ವೀಸಾ, 180 ದಿನದಲ್ಲಿ 90 ದಿನ ಇರಬಹುದು. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇರುವ ಹೃದಯದ ತೊಂದರೆ ಸೇರಿರುವುದಿಲ್ಲ, ಓದಿ ಕೊಳ್ಳಿ. ಅವರ ಈಸಿಜಿ, ಆಂಜಿಯೊ ರಿಪೋರ್ಟು, ಮಾತ್ರೆ ಚೀಟಿ ಎಲ್ಲದರ ಫೋಟೊ ತಂಗಿಯ ಫೋನಿನಲ್ಲೂ ಇರಲಿ.

ಕಬ್ಬಿನಗದ್ದೆ:

ಮಾಡಿದ್ದೇನೆ. ವಿಮೆ ಕಾರ್ಡ್‌ನ ಪ್ರತಿಯೂ ಅವಳ ಹತ್ತಿರ ಇದೆ. ನಾಳೆ ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಿದ್ದೇವೆ. ಸಾಕ್ಷಿಗೆ ಮದುವೆಯಲ್ಲಿ ಇದ್ದವರೇ ಬರಬೇಕಾ?

ವಿವಿ ಮೊಹಲ್ಲಾ:

ಇದ್ದವರಾದರೆ ಒಳ್ಳೆಯದು. ಎಲ್ಲರೂ ಆಧಾರ್ ತರಲಿ. ಲಗ್ನಪತ್ರಿಕೆ ಮನೆಯಲ್ಲಿ ಒಂದಾದರೂ ಉಳಿದಿದೆಯಾ ಈಗಲೇ ಹುಡುಕಿ.

ಕಬ್ಬಿನಗದ್ದೆ:

ಅಮ್ಮನ ಪೆಟ್ಟಿಗೆಯಲ್ಲಿ ಎರಡಿದೆ. ಅರಿಶಿನ ಹಚ್ಚಿದ್ದು.